ಪಾರ್ಕಿನ ಬೀಗದ ಕೈ ಯಾರ ಹತ್ತಿರ ಇರಬೇಕು

ಕಳೆದ ವರ್ಷ ಜೂನ್ ಎರಡನೇ ವಾರ. ಮಂಗಳೂರಿನಲ್ಲಿ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ನಮ್ಮ ಪಾರ್ಕಿನ ದೊಡ್ಡ ಮಳೆಮರದ ಒಂದು ಗೆಲ್ಲು ರಾತ್ರಿ ಮುರಿದು ದಾರಿಗೆ ಅಡ್ಡ ಬಿತ್ತು. ಇನ್ನೊಂದು ಅರ್ಧ ಸೀಳಿಕೊಂಡು ಮೇಲೆಯೇ ನೇತಾಡುತ್ತಿತ್ತು. ಬೆಳಿಗ್ಗೆ ವಾಕಿಂಗ್‌ಗೆ ಬಂದವರೊಬ್ಬರು ಫೋಟೋ ತೆಗೆದು ಕಳಿಸಿದರು. ಆಮೇಲೆ ಪಾರ್ಕ್ ನೋಡಿಕೊಳ್ಳುವ ನಮ್ಮ ಟ್ರಸ್ಟಿನ ವಾಟ್ಸಾಪ್ ಗುಂಪಿನಲ್ಲಿ ಮಾತು ಶುರುವಾಯಿತು. ಗೇಟು ಮುಚ್ಚಬೇಕಾ? ಮರ ಹತ್ತುವವರನ್ನು ಯಾರು ಕರೆಸುವುದು? ಹಣ ಯಾವ ಲೆಕ್ಕದಿಂದ? ಮರ ಕಡಿಯಲು ಅನುಮತಿ ಕೊಡುವ ಮರ ಅಧಿಕಾರಿಗೆ ಅರ್ಜಿ ಯಾರು ಬರೆಯುವುದು?

ನಾವು ಒಂಬತ್ತು ಜನ ಟ್ರಸ್ಟಿಗಳು. ಒಂಬತ್ತು ಅಭಿಪ್ರಾಯ ಬಂತು. ಮೂರು ದಿನ ಆ ಗೆಲ್ಲು ಹಾಗೆಯೇ ನೇತಾಡಿತು. ಅದರ ಕೆಳಗೆ ಮಕ್ಕಳು ಓಡಾಡಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮೂರು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಪಾರ್ಕ್ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಮೇ ಕೊನೆಗೆ ಕೆಲಸ ಬಿಟ್ಟಿದ್ದರು. ಎರಡು ವರ್ಷದಲ್ಲಿ ಹಾಗೆ ಬಿಟ್ಟು ಹೋದ ಎರಡನೆಯವರು ಅವರು. ಹೊಸಬರನ್ನು ಹುಡುಕುವ ಜವಾಬ್ದಾರಿ ನನ್ನ ಮೇಲೆ ಬಂತು. ಅದನ್ನು ಹೇಗೆ ಮಾಡಿದೆವು ಎಂದು ಇಲ್ಲಿ ಬರೆಯುತ್ತಿದ್ದೇನೆ. ಕೆರೆ, ಪಾರ್ಕ್, ಹಳೆ ಕಟ್ಟಡ ನೋಡಿಕೊಳ್ಳುವ ಸಣ್ಣ ಟ್ರಸ್ಟುಗಳು ನಮ್ಮ ಕಡೆ ತುಂಬಾ ಇವೆ. ಅವರಲ್ಲಿ ಯಾರಿಗಾದರೂ ಉಪಯೋಗ ಆಗಬಹುದು. ಪಾರ್ಕಿನ ಹೆಸರನ್ನಾಗಲಿ, ಅರ್ಜಿ ಹಾಕಿದವರ ಗುರುತನ್ನಾಗಲಿ ಬರೆಯುವುದಿಲ್ಲ. ಮಂಗಳೂರು ಎಷ್ಟೇ ಬೆಳೆದರೂ ಹಂಪನಕಟ್ಟೆಯಲ್ಲಿ ಐದು ನಿಮಿಷ ನಿಂತರೆ ಗುರುತಿನವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮನ್ನು ನಂಬಿ ಅರ್ಜಿ ಹಾಕಿದ ಯಾರಿಗೂ ಮುಜುಗರ ಆಗಬಾರದು.

ಜಾಗ ಸರ್ಕಾರದ್ದು. ಒಪ್ಪಂದದ ಮೇಲೆ ನೋಡಿಕೊಳ್ಳುವುದು ಮಾತ್ರ ನಮ್ಮದು. ನನ್ನ ಅಜ್ಜನ ಕಾಲದಲ್ಲೇ ದೊಡ್ಡದಾಗಿದ್ದ ಮರಗಳಿವೆ. ಕೆಂಪುಕಲ್ಲಿನ ಪಾಗಾರ (ಸುತ್ತುಗೋಡೆ) ಇದೆ. ನಡುವೆ ಹಂಚಿನ ಮಾಡು (ಛಾವಣಿ) ಇರುವ ಒಂದು ಹಳೆಯ ಮಂಟಪ ಇದೆ. ತೋಟದ ಕೆಲಸಕ್ಕೆ ಹನ್ನೊಂದು ಜನ, ಕಾವಲಿಗೆ ಇಬ್ಬರು.

ಮೊದಲ ಸಭೆಯಲ್ಲಿ ಎಂಥವರು ಬೇಕು ಎಂದು ಮಾತಾಡಿದೆವು. ನಿವೃತ್ತ ಅಧಿಕಾರಿ ಆದರೆ ಫೈಲು ಬೇಗ ಮುಂದೆ ಹೋಗುತ್ತದೆ ಎಂದರು ಒಬ್ಬರು. ತೋಟಗಾರಿಕೆ ಓದಿದವರೇ ಆಗಬೇಕು ಎಂದರು ಇನ್ನೊಬ್ಬರು. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ತರುವವರು ಬೇಕು ಎಂದರು ಮತ್ತೊಬ್ಬರು. ಎಲ್ಲವೂ ಸರಿ. ಎಲ್ಲವೂ ಒಬ್ಬರಲ್ಲೇ ಸಿಗುವುದು ಸಾಧ್ಯವೇ ಇಲ್ಲ. ನನಗೆ ಮಾತ್ರ ಬೇರೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಹಿಂದಿನ ಇಬ್ಬರೂ ಕೆಟ್ಟವರಾಗಿರಲಿಲ್ಲ. ಹಾಗಿದ್ದರೆ ಯಾಕೆ ಹೋದರು?

ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಮನೆಗೆ ಕರೆದು ಕಾಫಿ ಕೊಟ್ಟು ಹೇಳಿದರು. "ಸರ್, ಒಂದು ಪೊರಕೆ ತರಬೇಕಾದರೂ ಮೂರು ಜನರನ್ನು ಕೇಳಬೇಕಿತ್ತು. ಕೆಲಸದವರು ನನ್ನ ಮಾತು ಯಾಕೆ ಕೇಳ್ತಾರೆ? ಅವರಿಗೆ ಗೊತ್ತುಂಟು, ನನ್ನ ಕೈಯಲ್ಲಿ ಏನೂ ಇಲ್ಲ ಅಂತ." ಇನ್ನೊಬ್ಬರದ್ದೂ ಹೆಚ್ಚುಕಡಿಮೆ ಇದೇ ಮಾತು.

ಆ ಹೊತ್ತಿಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಗ್ಗೆ ಓದುತ್ತಿದ್ದೆ. 1970ರ ದಶಕದಲ್ಲಿ ಆ ನಗರದ ಹತ್ತಿರ ಹಣ ಇರಲಿಲ್ಲ. ಪಾರ್ಕ್ ಹಾಳುಬಿದ್ದಿತ್ತು. 1979ರಲ್ಲಿ ಎಲಿಜಬೆತ್ ಬಾರ್ಲೋ ರೋಜರ್ಸ್ ಎಂಬವರನ್ನು ಇಡೀ ಪಾರ್ಕಿನ ಹೊಣೆಗೆ ನೇಮಿಸಿದರು. ಮರುವರ್ಷ, 1980ರಲ್ಲಿ, ಅದನ್ನು ನೋಡಿಕೊಳ್ಳಲು ದಾನದ ಹಣದಿಂದ ನಡೆಯುವ ಸಂಸ್ಥೆ ಹುಟ್ಟಿತು. ಮುಂದೆ ಅವರು ಪಾರ್ಕನ್ನು ಹತ್ತಾರು ತುಂಡು ಮಾಡಿ, ಒಂದೊಂದು ತುಂಡಿಗೂ ಹೊಣೆ ಹೊರುವ ಒಬ್ಬ ಮಾಲಿಯನ್ನು ಇಟ್ಟರು. ಅದು 843 ಎಕರೆ. ನಮ್ಮದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ಮೇಲೆ ಒಬ್ಬರು, ಪ್ರತಿ ತುಂಡಿಗೂ ಒಬ್ಬರು ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು.

ಮುಂದಿನ ಸಭೆಗೆ ಒಂದು ಖಾಲಿ ಹಾಳೆ ತೆಗೆದುಕೊಂಡು ಹೋದೆ. ಮೇಲೆ ಬರೆದಿದ್ದೆ: "ಹೊಸಬರು ಬಂದ ಮೇಲೆ ನಾವು ಏನೇನು ಮಾಡುವುದಿಲ್ಲ?" ಜಾಹೀರಾತು ಕೊಡುವ ಮೊದಲು ಇದು ಮುಗಿಯಬೇಕು ಎಂದು ಹಟ ಹಿಡಿದೆ.

ಆ ಒಂದು ಹಾಳೆ ತುಂಬಲು ಮೂರು ಸಭೆ ಬೇಕಾಯಿತು. 25,000 ರೂಪಾಯಿವರೆಗೆ ಖರ್ಚು ಮಾಡಲು ನಮ್ಮನ್ನು ಕೇಳಬೇಕಾಗಿಲ್ಲ, ತಿಂಗಳ ಕೊನೆಗೆ ಲೆಕ್ಕ ಕೊಟ್ಟರೆ ಸಾಕು. ರೆಡ್ ಅಲರ್ಟ್ ಇದ್ದರೆ, ಗಾಳಿ ಜಾಸ್ತಿ ಇದ್ದರೆ ಗೇಟು ಮುಚ್ಚುವ ತೀರ್ಮಾನ ಅವರದ್ದೇ. ಕೆಲಸದವರ ರಜೆ, ಪಾಳಿ, ಯಾರು ಎಲ್ಲಿ ಕೆಲಸ ಮಾಡಬೇಕು ಎಂಬುದು ಅವರದ್ದೇ. ಟ್ರಸ್ಟಿಗಳು ಕೆಲಸದವರಿಗೆ ನೇರವಾಗಿ ಕೆಲಸ ಹೇಳುವಂತಿಲ್ಲ. ಈ ಕೊನೆಯ ಸಾಲಿಗೆ ಜಗಳವೇ ಆಯಿತು. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಪಾರ್ಕಿಗೆ ಬಂದು ಮಾಲಿಗಳ ಜೊತೆ ಮಾತಾಡಿ, ಇಲ್ಲಿ ನೀರು ಬಿಡಿ, ಅಲ್ಲಿ ಗಿಡ ನೆಡಿ ಎನ್ನುತ್ತಿದ್ದ ಹಿರಿಯರೊಬ್ಬರಿಗೆ ತುಂಬಾ ಬೇಜಾರಾಯಿತು. ಅವರ ಪ್ರೀತಿ ಸುಳ್ಳಲ್ಲ. ಈ ಪಾರ್ಕ್ ಉಳಿದದ್ದೇ ಅಂಥವರಿಂದ. ಆದರೆ ಒಂಬತ್ತು ಜನ ಹೀಗೆ ಪ್ರೀತಿ ತೋರಿಸಿದರೆ ಮಾಲಿಗೆ ಒಂಬತ್ತು ಯಜಮಾನರು ಆಗುತ್ತಾರೆ, ಅಲ್ವಾ? ಅದನ್ನು ಅವರ ಮನೆಗೆ ಹೋಗಿ, ಕೂತು, ನಿಧಾನಕ್ಕೆ ಹೇಳಿದೆ. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿ ಒಪ್ಪಿಗೆ ಕೊಟ್ಟರು.

ನಾವು ಬಿಡಬಾರದ ವಿಷಯಗಳನ್ನೂ ಬರೆದೆವು. ವರ್ಷದ ಬಜೆಟ್, ಆಡಿಟ್, ಬದುಕಿರುವ ಮರ ಕಡಿಯುವುದು, ಮಂಟಪದ ರೂಪ ಬದಲಿಸುವುದು, ಸರ್ಕಾರದ ಜೊತೆಗಿನ ಒಪ್ಪಂದ. ಇವಕ್ಕೆ ಟ್ರಸ್ಟಿಗಳೇ ಹೊಣೆ. ಆದಾಯದ ಶೇಕಡಾ 85ನ್ನು ಟ್ರಸ್ಟಿನ ಉದ್ದೇಶಕ್ಕೆ ಬಳಸಬೇಕು, ದಾನಿಗೆ ತೆರಿಗೆ ವಿನಾಯಿತಿ ಸಿಗುವ ದಾನಗಳ ಪಟ್ಟಿ ಕೊಡಬೇಕು ಎಂಬಂಥ ತೆರಿಗೆಯ ಕೆಲಸವನ್ನು ನಮ್ಮ ಸಿಎ ನೋಡಿಕೊಳ್ಳುತ್ತಾರೆ. ಅದೆಲ್ಲ ಬರುವವರಿಗೆ ಮೊದಲೇ ಗೊತ್ತಿರಬೇಕು ಎಂದು ಕೇಳುವುದು ನ್ಯಾಯವಲ್ಲ ಎನಿಸಿತು.

ಸಂಬಳದ ಮಾತು. "ಸೇವೆ ಅಂತ ಮಾಡುವವರು ಸಿಗುತ್ತಾರೆ, ಗೌರವಧನ ಕೊಟ್ಟರೆ ಸಾಕು" ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಗೌರವಧನಕ್ಕೆ ಬರಬಲ್ಲವರು ಯಾರು? ಪಿಂಚಣಿ ಇರುವವರು, ಮನೆಯಲ್ಲಿ ಬೇರೆ ಆದಾಯ ಇರುವವರು. ಉಳಿದವರಿಗೆ ಆಗಲೇ ಬಾಗಿಲು ಹಾಕಿದ ಹಾಗೆ. ತಿಂಗಳಿಗೆ 60,000 ಎಂದು ತೀರ್ಮಾನಿಸಿ, ಜಾಹೀರಾತಿನಲ್ಲೇ ಅಂಕಿ ಹಾಕಿದೆವು. "ಯೋಗ್ಯತೆಗೆ ತಕ್ಕ ಸಂಬಳ" ಎಂದು ಬರೆದರೆ ಅರ್ಜಿ ಹಾಕುವವರ ಸಮಯವೂ ಹಾಳು, ನಮ್ಮದೂ ಹಾಳು. ಡಿಗ್ರಿ ಕಡ್ಡಾಯ ಎಂಬ ಸಾಲನ್ನು ತೆಗೆದೆವು. ಕನ್ನಡ ಓದಿ ಬರೆಯಲು ಬರಬೇಕು, ತುಳು ಬರಬೇಕು ಅಥವಾ ಕಲಿಯುವ ಮನಸ್ಸಿರಬೇಕು ಎಂದು ಹಾಕಿದೆವು. ನಮ್ಮ ಮಾಲಿಗಳಲ್ಲಿ ಹೆಚ್ಚಿನವರು ತಮ್ಮೊಳಗೆ ಮಾತಾಡುವುದು ತುಳುವಿನಲ್ಲಿ. ಮರದ ಬೇರು ಕೊಳೆತಿದೆ ಎಂಬ ಸುದ್ದಿ ಮೊದಲು ಬರುವುದು ಆ ಮಾತಿನಲ್ಲೇ.

31 ಅರ್ಜಿ ಬಂತು. ಆರು ಜನರನ್ನು ಕರೆದೆವು. ಸಂದರ್ಶನ ಆಫೀಸಿನಲ್ಲಿ ಬೇಡ, ಪಾರ್ಕಿನಲ್ಲೇ ಮಾಡೋಣ ಎಂದೆ. ಅದೂ ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಬೆಳಿಗ್ಗೆ ಏಳಕ್ಕೆ. ಕೊಡೆ ಹಿಡಿದು ಒಂದು ಗಂಟೆ ಪಾರ್ಕ್ ಸುತ್ತುವುದು. ಜೊತೆಗೆ ಇಬ್ಬರು ಟ್ರಸ್ಟಿಗಳು, ಮತ್ತೆ ನಮ್ಮ ಹಿರಿಯ ಮಾಲಿ. ಅವರು ಏನೂ ಕೇಳಬೇಕಾಗಿಲ್ಲ, ಸುಮ್ನೆ ಜೊತೆಗೆ ನಡೆದರೆ ಸಾಕು. ಆದರೆ ಕೊನೆಗೆ ಅವರ ಅಭಿಪ್ರಾಯಕ್ಕೂ ನಮ್ಮದರಷ್ಟೇ ತೂಕ.

ಎರಡು ಜಾಗದಲ್ಲಿ ನಿಂತು ಪ್ರಶ್ನೆ ಕೇಳಿದೆವು. ಒಂದು, ಮಳೆಮರದ ಬುಡದಲ್ಲಿ. ಕೆಲವು ವರ್ಷಗಳ ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಬುಡದವರೆಗೂ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದ್ದರು. ನೀರು, ಗಾಳಿ ಒಳಗೆ ಹೋಗುವುದಿಲ್ಲ. ಇದನ್ನು ಏನು ಮಾಡುತ್ತೀರಿ? ಇನ್ನೊಂದು, ಮಂಟಪದಲ್ಲಿ. ಮಾಡು ಸೋರುತ್ತಿದೆ, ಹಂಚನ್ನು ಹೊರುವ ಎರಡು ಪಕ್ಕಾಸು (ಮರದ ತೊಲೆ) ಕುಂಬಾಗಿದೆ, ಅಂದರೆ ಕೊಳೆತಿದೆ. ಹಂಚು ತೆಗೆದು ಶೀಟ್ ಹಾಕಿಸಿಕೊಡುತ್ತೇನೆ ಎಂದು ದಾನಿಯೊಬ್ಬರು ಹೇಳಿದ್ದಾರೆ. ಏನು ಉತ್ತರ ಕೊಡುತ್ತೀರಿ?

ಮಂಗಳೂರಿನವರಿಗೆ ಹಂಚು ಬರೀ ಹಂಚಲ್ಲ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಹೆಸರು ಹಂಚಿನ ಜೊತೆಗೇ ಹಡಗು ಹತ್ತಿ ಹೋಗಿದೆ. ಅದೇ ಊರಿನ ಪಾರ್ಕಿನಲ್ಲಿ ಶೀಟ್ ಹಾಕುವುದು ನನಗೆ ಸಂಕಟದ ಮಾತು. ಆದರೆ ದಾನಿಗೆ ಬೇಸರ ಆಗದ ಹಾಗೆ ಹೇಳುವುದೂ ಒಂದು ಕೆಲಸವೇ.

ಬಂದವರೆಲ್ಲ ಒಳ್ಳೆಯವರೇ. ನಿವೃತ್ತ ಅಧಿಕಾರಿಯೊಬ್ಬರು ಇಲಾಖೆಗಳ ವಿಷಯವನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನು ಡೈರಿಯಲ್ಲಿ ಬರೆದುಕೊಂಡೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯಲು ಅನುಮತಿ ಕೇಳುವ ಕ್ರಮವನ್ನು ಅವರಿಂದಲೇ ಸರಿಯಾಗಿ ತಿಳಿದುಕೊಂಡದ್ದು. ಆದರೆ ಒಂದು ಗಂಟೆಯಲ್ಲಿ ಅವರು ಮಾಲಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಬೆಂಗಳೂರಿನಿಂದ ಬಂದ ಯುವಕರೊಬ್ಬರು ಲ್ಯಾಪ್‌ಟಾಪಿನಲ್ಲಿ ಸುಂದರ ಚಿತ್ರ ತೋರಿಸಿದರು. ಕಾರಂಜಿ, ದೀಪ, ಸೆಲ್ಫಿ ಜಾಗ. ಇಂಟರ್‌ಲಾಕ್ ತೆಗೆಯಬೇಕು ಎಂದು ಸರಿಯಾಗಿಯೇ ಹೇಳಿದರು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಳೆಯಲ್ಲಿ ಆ ದೀಪಗಳನ್ನು ಯಾರು ನೋಡಿಕೊಳ್ಳುವುದು ಎಂಬುದಕ್ಕೆ ಉತ್ತರ ಇರಲಿಲ್ಲ.

ನಾಲ್ಕನೆಯವರು ಉಡುಪಿ ಕಡೆಯ ಮಹಿಳೆ. ಒಂದು ಸಣ್ಣ ಆಸ್ಪತ್ರೆಯ ಆಡಳಿತ ನೋಡಿಕೊಂಡಿದ್ದವರು. ಮರಗಿಡದ ಓದು ಇಲ್ಲ. ಮಾತಿನ ನಡುವೆ ಉಡುಪಿಯ ಅಜ್ಜರಕಾಡು ಪಾರ್ಕಿನ ವಿಷಯ ಬಂತು. 1934ರಲ್ಲಿ ಗಾಂಧೀಜಿ ಬಂದು ಮಾತಾಡಿದ ಜಾಗ ಅದು. "ಚಿಕ್ಕವಳಿದ್ದಾಗ ಅಲ್ಲಿ ಆಡಿದ್ದೇ ಆಡಿದ್ದು. ಗಾಂಧೀಜಿ ಬಂದ ಜಾಗ ಅಂತ ಗೊತ್ತಾದದ್ದು ದೊಡ್ಡವಳಾದ ಮೇಲೆ. ಮಕ್ಕಳಿಗೆ ಇಂಥದ್ದನ್ನು ಆಡುವಾಗಲೇ ಹೇಳಬೇಕು" ಎಂದರು.

ಮಳೆಮರದ ಹತ್ತಿರ ನಮ್ಮ ಪ್ರಶ್ನೆ ಕೇಳಿದಾಗ ಅವರು ಮಾಲಿಯ ಕಡೆ ತಿರುಗಿದರು. "ಅಣ್ಣ, ನಿಮಗೆ ಎಂತ ಕಾಣ್ತದೆ?" ಮಾಲಿ ಹೇಳಿದ್ದನ್ನು ಪೂರ್ತಿ ಕೇಳಿದರು. ಆಮೇಲೆ, ನೀವು ಎಷ್ಟು ಗಂಟೆಗೆ ಕೆಲಸ ಶುರು ಮಾಡುವುದು ಎಂದರು. "ಏಳಕ್ಕೆ ಬರ್ತೇವೆ ಮೇಡಂ. ಆದ್ರೆ ಸ್ಟೋರ್ ತೆಗೆಯುವಾಗ ಎಂಟೂವರೆ ಆಗ್ತದೆ."

"ಯಾಕೆ?"

"ಬೀಗದ ಕೈ ನಮ್ಮಲ್ಲಿ ಇಲ್ಲ."

ಕೈ ಟ್ರಸ್ಟಿಯೊಬ್ಬರ ಮನೆಯಲ್ಲಿತ್ತು. ಹಿಂದೊಮ್ಮೆ ಕಳ್ಳತನ ಆದಾಗ ಮಾಡಿದ ಏರ್ಪಾಡು. ಆಮೇಲೆ ಯಾರೂ ಅದರ ಬಗ್ಗೆ ಯೋಚಿಸಿರಲೇ ಇಲ್ಲ. ಕತ್ತಿ, ಹಾರೆ, ಪೈಪ್ ಎಲ್ಲ ಒಳಗೆ. ಹನ್ನೊಂದು ಜನ ದಿನಾ ಒಂದೂವರೆ ಗಂಟೆ ಎಲೆ ಹೆಕ್ಕಿಕೊಂಡು ಇರುತ್ತಿದ್ದರು. ವರ್ಷಗಟ್ಟಲೆ ಪಾರ್ಕಿಗೆ ಬರುತ್ತಿದ್ದ ನಮಗೆ ಗೊತ್ತಿಲ್ಲದ್ದು ಅವರಿಗೆ ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಮಂಟಪದಲ್ಲಿ ಅವರು ಕೊಟ್ಟ ಉತ್ತರವೂ ನೆನಪಿದೆ. "ದಾನಿಯವರನ್ನು ಇಲ್ಲಿಗೆ ಕರೆಸುವ. ಮೇಲೆ ಹತ್ತಿಸಿ ಪಕ್ಕಾಸು, ರೀಪು ತೋರಿಸುವ. ಹಾಳಾದದ್ದು ಎರಡು ಪಕ್ಕಾಸು ಮಾತ್ರ ಅಂತ ಕಣ್ಣಾರೆ ನೋಡಿದರೆ ಶೀಟಿನ ಮಾತು ಅವರೇ ಬಿಡಬಹುದು. ಬಿಡದಿದ್ದರೆ ಆ ಹಣ ನಮಗೆ ಬೇಡ ಅಂತ ಟ್ರಸ್ಟಿಗಳು ಹೇಳಬೇಕು. ಅದು ನಾನು ಹೇಳುವ ಮಾತಲ್ಲ."

ತನ್ನ ಕೆಲಸ ಯಾವುದು, ನಮ್ಮ ಕೆಲಸ ಯಾವುದು ಎಂದು ನಮ್ಮ ಹಾಳೆ ನೋಡುವ ಮೊದಲೇ ಅವರು ಗೆರೆ ಎಳೆದಿದ್ದರು.

ಆದರೂ ಆ ದಿನವೇ ತೀರ್ಮಾನ ಮಾಡಲಿಲ್ಲ. ಅವರು ಹಿಂದೆ ಕೆಲಸ ಮಾಡಿದ ಕಡೆ ಇಬ್ಬರ ಹತ್ತಿರ ನಾನೇ ಮಾತಾಡಿದೆ. ಅವರ ಮೇಲಿನವರು ಒಬ್ಬರು, ಕೈ ಕೆಳಗೆ ಇದ್ದವರು ಒಬ್ಬರು. ಹೇಗಿದ್ದಾರೆ ಎಂದು ಕೇಳಿದರೆ ಎಲ್ಲರೂ ಒಳ್ಳೆಯವರು ಎನ್ನುತ್ತಾರೆ. ಅದಕ್ಕೆ ಬೇರೆ ರೀತಿ ಕೇಳಿದೆ. ಅವರು ನಿಮಗೆ ಆಗುವುದಿಲ್ಲ ಎಂದು ಹೇಳಿದ್ದು ಯಾವಾಗ? ಹೇಗೆ ಹೇಳಿದರು? ಇಬ್ಬರೂ ಸ್ವಲ್ಪ ಯೋಚಿಸಿ ಒಂದೊಂದು ಪ್ರಸಂಗ ಹೇಳಿದರು. ಎರಡರಲ್ಲೂ ಅವರು ಧ್ವನಿ ಏರಿಸಿರಲಿಲ್ಲ, ಮಾತು ಬದಲಿಸಿಯೂ ಇರಲಿಲ್ಲ. ಹಿರಿಯ ಮಾಲಿಯನ್ನು ಕೇಳಿದಾಗ, "ಇವರು ಆಗಬಹುದು ಸರ್, ಕೇಳ್ತಾರೆ" ಎಂದರು.

ಆಯ್ಕೆಯಾಗದ ಐವರಿಗೂ ನಾನೇ ಫೋನ್ ಮಾಡಿ ಕಾರಣ ಹೇಳಿದೆ. ನಿವೃತ್ತ ಅಧಿಕಾರಿ ಈಗ ನಮಗೆ ಸಲಹೆಗಾರರು.

ಸೆಪ್ಟೆಂಬರ್ ಒಂದಕ್ಕೆ ಆ ಉಡುಪಿ ಕಡೆಯ ಮಹಿಳೆ ಹೊಸ ಮ್ಯಾನೇಜರ್ ಆಗಿ ಬಂದರು. ಮೊದಲ ದಿನ ಸ್ಟೋರಿನ ಬೀಗದ ಕೈಯನ್ನು ಆ ಟ್ರಸ್ಟಿಯೇ ತಂದು ಕೊಟ್ಟರು. ಹೊಸ ಮ್ಯಾನೇಜರ್ ಅದನ್ನು ತಾವು ಇಟ್ಟುಕೊಳ್ಳಲಿಲ್ಲ. ಒಂದು ಪುಸ್ತಕ ಮಾಡಿ, ವಾರಕ್ಕೊಬ್ಬ ಮಾಲಿಯ ಹೆಸರಿಗೆ ಬರೆದು ಕೊಟ್ಟರು. ಪಾರ್ಕನ್ನು ಹನ್ನೊಂದು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ವಹಿಸಿದರು. ಮೊದಲ ಎರಡು ತಿಂಗಳು ಸುಲಭ ಇರಲಿಲ್ಲ. ನಮ್ಮಲ್ಲೇ ಇಬ್ಬರು ಅಭ್ಯಾಸಬಲದಿಂದ ಮಾಲಿಗಳಿಗೆ ಕೆಲಸ ಹೇಳಿದರು. ಆಗೆಲ್ಲ ಅವರು ನನಗೆ ಫೋನ್ ಮಾಡುತ್ತಿದ್ದರು, ನಾನು ಆ ಟ್ರಸ್ಟಿಗಳ ಜೊತೆ ಮಾತಾಡುತ್ತಿದ್ದೆ. ನೇಮಕ ಮಾಡಿದವರ ಕೆಲಸ ನೇಮಕದ ದಿನಕ್ಕೆ ಮುಗಿಯುವುದಿಲ್ಲ, ಕನಿಷ್ಠ ಆರು ತಿಂಗಳು ಹೀಗೆ ಬೆನ್ನಿಗೆ ನಿಲ್ಲಬೇಕು.

ದೀಪಾವಳಿಗೆ ಮಳೆಮರಕ್ಕೆ ಬಣ್ಣದ ದೀಪ ಸುತ್ತಿಸೋಣ ಎಂದು ನಾನು ಹೇಳಿದೆ. "ಬೇಡ ಸರ್" ಎಂದರು. "ಮೊಳೆ ಹೊಡೆಯಬೇಕಾಗ್ತದೆ. ಮತ್ತೆ ರಾತ್ರಿ ಅಲ್ಲಿ ಹಕ್ಕಿಗಳು ಕೂರ್ತವೆ. ಮಂಟಪದ ಮೆಟ್ಟಿಲಲ್ಲಿ ಹಣತೆ ಇಡುವ." ನಾನು ಆಗಲಿ ಎಂದೆ.

ಡಿಸೆಂಬರಿನಲ್ಲಿ ಮರದ ಬುಡದ ಇಂಟರ್‌ಲಾಕ್ ಕಿತ್ತು ಮಣ್ಣು ತುಂಬಿಸಿದರು. ದಾನಿಯವರು ಬಂದು ಏಣಿ ಹತ್ತಿ ನೋಡಿ ಶೀಟಿನ ಮಾತು ಬಿಟ್ಟರು. ಜನವರಿಯಲ್ಲಿ ಎರಡು ಹೊಸ ಪಕ್ಕಾಸು ಹಾಕಿ, ಒಡೆದ ಹಂಚು ಬದಲಿಸಿದ್ದಾಯಿತು. ಈ ವರ್ಷದ ಮೊದಲ ಮಳೆಗೆ ಆ ಮಾಡು ಸೋರಲಿಲ್ಲ.