ರೋಡ್ಸ್ ದ್ವೀಪದಲ್ಲಿ ಕಲ್ಲು ನೋಡುವ ಕ್ರಮ

ನಮ್ಮ ಅಪ್ಪ ಕಲ್ಲುಕೆಲಸ ಮಾಡುತ್ತಿದ್ದರು. ಯಾವ ಹಳೆಯ ಕಟ್ಟಡದ ಮುಂದೆ ನಿಂತರೂ ಮೊದಲು ಗೋಡೆಯ ಮೇಲೆ ಉಳಿಯ ಗುರುತು ಹುಡುಕುತ್ತಿದ್ದರು. "ಯಾರು ಕಟ್ಟಿಸಿದರು ಅಂತ ಬೋರ್ಡಿನಲ್ಲಿ ಬರೆದಿರುತ್ತೆ. ಹೇಗೆ ಕಟ್ಟಿದರು ಅಂತ ಕಲ್ಲನ್ನೇ ಕೇಳಬೇಕು" ಅನ್ನುತ್ತಿದ್ದರು. ಆ ಅಭ್ಯಾಸ ನನಗೂ ಬಂದಿದೆ.

ಗ್ರೀಸ್ ದೇಶದ ರೋಡ್ಸ್ ದ್ವೀಪಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಜುಲೈನಲ್ಲಿ, ಹಡಗಿನ ಪ್ರವಾಸದ ನಡುವೆ, ಬರೀ ಏಳು ಗಂಟೆ ಹೊತ್ತು. ಮಟಮಟ ಮಧ್ಯಾಹ್ನ ಅರಮನೆಗೆ ಕರೆದುಕೊಂಡು ಹೋದರು. ಜನಜಂಗುಳಿಯಲ್ಲಿ ಮುಂದಿನವರ ಬೆನ್ನು ನೋಡಿದ್ದೇ ಜಾಸ್ತಿ. ಎರಡನೇ ಸಲ ಅಕ್ಟೋಬರ್‌ನಲ್ಲಿ ಮಗಳ ಜೊತೆ ಹೋದೆ, ಆರು ದಿನ ಇದ್ದೆವು. ನೋಡುವ ಕ್ರಮ ಬದಲಾಯಿಸಿದೆವು ಅಷ್ಟೆ. ಅದೇ ಊರು ಬೇರೆಯಾಗಿಯೇ ಕಾಣಿಸಿತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ತಿಳಿದಿರಲಿ. ರೋಡ್ಸ್‌ನಲ್ಲಿ ಒಬ್ಬರು ಕಟ್ಟಿದ್ದರ ಮೇಲೆ ಇನ್ನೊಬ್ಬರು ಕಟ್ಟಿದ್ದಾರೆ. ಲಿಂಡೋಸ್, ಕಾಮಿರೋಸ್, ಇಯಾಲಿಸೋಸ್ ಎಂಬ ಮೂರು ಊರಿನವರು ಸೇರಿ ಕ್ರಿ.ಪೂ. 408ರಲ್ಲಿ ರೋಡ್ಸ್ ನಗರವನ್ನು ಹುಟ್ಟುಹಾಕಿದರು. 1309ರಿಂದ ಸೇಂಟ್ ಜಾನ್ ಸಂಘದ ಕ್ರೈಸ್ತ ಯೋಧರು, ಅಂದರೆ ನೈಟ್‌ಗಳು, ಇಲ್ಲಿ ಆಳಿದರು. 1522ರ ಕೊನೆಯಲ್ಲಿ ತುರ್ಕಿಯ ಒಟ್ಟೋಮನ್ ಸುಲ್ತಾನ್ ಸುಲೇಮಾನ್ ಗೆದ್ದ. 1912ರಲ್ಲಿ ಇಟಲಿಯವರು ಬಂದರು. ದ್ವೀಪ ಗ್ರೀಸ್‌ಗೆ ಸೇರಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಯಾವುದೇ ಗೋಡೆ ಕಂಡರೂ 'ಇದು ಯಾರ ಕಲ್ಲು?' ಅಂತ ಕೇಳಿಕೊಳ್ಳಿ. ಇಷ್ಟು ಮಾಡಿದರೆ ಗೈಡ್ ಇಲ್ಲದೆಯೂ ಊರು ಅರ್ಥವಾಗುತ್ತಾ ಹೋಗುತ್ತದೆ.

ಹೋಗುವುದಾದರೆ ಮೇ ತಿಂಗಳಲ್ಲಿ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಹೋಗಿ. ಜುಲೈ, ಆಗಸ್ಟ್ ಬಿಸಿಲಿಗೆ ಬಯಲಿನ ತಾಣಗಳಲ್ಲಿ ನಿಲ್ಲುವುದೇ ಕಷ್ಟ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ, ಪ್ರಾಚೀನ ತಾಣಗಳಿಗೆ ಟಿಕೆಟ್ ಇಲ್ಲ. ಆದರೆ ಚಳಿಗಾಲದಲ್ಲಿ ಬಸ್ಸು ಕಡಿಮೆ, ತೆರೆದಿರುವ ಸಮಯವೂ ಕಡಿಮೆ. ಅಥೆನ್ಸ್‌ನಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ಬಂದರೆ ರಾತ್ರಿಯೆಲ್ಲ ಪ್ರಯಾಣ. ವಿಮಾನ ನಿಲ್ದಾಣದ ಹೆಸರು ದಿಯಾಗೋರಸ್. ಅವನು ಇಯಾಲಿಸೋಸ್ ಊರಿನ ಮುಷ್ಟಿಕಾಳಗದ ಮಲ್ಲ, ಕ್ರಿ.ಪೂ. 464ರ ಒಲಿಂಪಿಕ್ಸ್‌ನಲ್ಲಿ ಗೆದ್ದವನು. ಕವಿ ಪಿಂಡಾರ್ ಅವನ ಮೇಲೆ ಹಾಡು ಕಟ್ಟಿದ. ಆ ಹಾಡನ್ನು ಚಿನ್ನದ ಅಕ್ಷರಗಳಲ್ಲಿ ಬರೆಸಿ ಲಿಂಡೋಸ್‌ನ ಅಥೇನಾ ಗುಡಿಯಲ್ಲಿ ಇಟ್ಟಿದ್ದರಂತೆ. ಲಿಂಡೋಸ್ ಬೆಟ್ಟ ಹತ್ತುವಾಗ ಇದನ್ನು ನೆನಪು ಮಾಡಿಕೊಳ್ಳಿ.

ಉಳಿಯುವುದಕ್ಕೆ ಕೋಟೆಯ ಒಳಗಿನ ಹಳೆಯ ಊರಿನಲ್ಲೇ ಕೋಣೆ ಹಿಡಿಯಿರಿ. ಬೆಳಗ್ಗೆ ಏಳು ಗಂಟೆಗೆ ಆ ಬೀದಿಗಳು ನಿಮ್ಮವೇ. ಚಕ್ರದ ಸೂಟ್‌ಕೇಸ್ ಮಾತ್ರ ಬೇಡ, ಬೆನ್ನಿಗೆ ಹಾಕುವ ಚೀಲ ತನ್ನಿ. ಬೀದಿಗೆಲ್ಲ ಸಮುದ್ರದ ದುಂಡು ಕಲ್ಲುಗಳನ್ನು ನಿಲ್ಲಿಸಿ ಹಾಸಿದ್ದಾರೆ. ಚಕ್ರ ಉರುಳುವುದಿಲ್ಲ. ಚಪ್ಪಲಿಯೂ ಜಾರುತ್ತದೆ, ಹಿಡಿತ ಇರುವ ಶೂ ಬೇಕು.

ಮೊದಲ ದಿನ ನೈಟ್‌ಗಳ ಮುಖ್ಯಸ್ಥನ ಅರಮನೆಗೆ ಹೋಗಬೇಡಿ. ಕೋಟೆಯ ಕಂದಕಕ್ಕೆ ಇಳಿಯಿರಿ. ಇದಕ್ಕೆ ಟಿಕೆಟ್ ಇಲ್ಲ, ಜನವೂ ಕಡಿಮೆ. ಇದು ನೀರು ತುಂಬದ ಒಣ ಕಂದಕ. ಈಗ ಒಳಗೆ ಹುಲ್ಲು, ಮರ, ನಡೆಯುವ ದಾರಿ ಇವೆ. ಎರಡೂ ಪಕ್ಕ ಎತ್ತರದ ಗೋಡೆ. ಕೆಳಗೆ ನಿಂತು ತಲೆಯೆತ್ತಿದಾಗಲೇ ಕೋಟೆಯ ಬಲ ಗೊತ್ತಾಗುವುದು. ಸುಮಾರು 4 ಕಿಲೋಮೀಟರ್ ಉದ್ದದ ಈ ಕೋಟೆಗೋಡೆಯನ್ನು ನೈಟ್‌ಗಳು ತಮ್ಮ ಪಂಗಡಗಳಿಗೆ ಹಂಚಿಕೊಂಡಿದ್ದರು. ಪಂಗಡ ಅಂದರೆ ಭಾಷೆವಾರು ಗುಂಪು. ಇಂಗ್ಲೆಂಡಿನವರಿಗೆ ಒಂದು ತುಂಡು, ಇಟಲಿಯವರಿಗೆ ಒಂದು, ಪ್ರೊವೆನ್ಸ್‌ನವರಿಗೆ ಒಂದು, ಹೀಗೆ. ಗೋಡೆಯಲ್ಲಿ ಅಲ್ಲಲ್ಲಿ ಅಮೃತಶಿಲೆಯ ಲಾಂಛನ ಕೂರಿಸಿದ್ದಾರೆ. ಎಷ್ಟು ಸಿಗುತ್ತವೆ ಅಂತ ಮಗಳು ಎಣಿಸತೊಡಗಿದಳು, ನಾನು ಗಾರೆ ಸಂದು ನೋಡುತ್ತಾ ನಿಂತೆ.

ದಾರಿಯ ಪಕ್ಕದಲ್ಲಿ ಮುತ್ತಿಗೆಗಳ ಕಾಲದ ದೊಡ್ಡ ಕಲ್ಲಿನ ಗುಂಡುಗಳು ಬಿದ್ದಿವೆ. ಕೆಲವನ್ನು ಇಬ್ಬರು ಸೇರಿದರೂ ಎತ್ತಲಾಗದು. 1480ರಲ್ಲಿ ಒಟ್ಟೋಮನ್ ಸೇನೆ ಮುತ್ತಿಗೆ ಹಾಕಿದಾಗ ನೈಟ್‌ಗಳ ಮುಖ್ಯಸ್ಥ ಪಿಯರ್ ದೊಬ್ಯೂಸೋನ್ ಊರನ್ನು ಉಳಿಸಿಕೊಂಡ. 1522ರ ಮುತ್ತಿಗೆ ಆರು ತಿಂಗಳು ನಡೆಯಿತು. ಕೊನೆಗೆ ಶರಣಾದರು. ಉಳಿದ ನೈಟ್‌ಗಳು 1523ರ ಜನವರಿ 1ರಂದು ದ್ವೀಪ ಬಿಟ್ಟರು. ಆ ಗುಂಡೊಂದರ ಪಕ್ಕ ಕೂತು ನೀರು ಕುಡಿಯುವಾಗ ಈ ತಾರೀಕುಗಳು ಪಾಠದ ಹಾಗೆ ಕೇಳಿಸುವುದಿಲ್ಲ. ಕಂದಕಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ.

ಮಾರನೆಯ ದಿನ ಬಾಗಿಲು ತೆರೆಯುವ ಹೊತ್ತಿಗೆ ಪುರಾತತ್ವ ಮ್ಯೂಸಿಯಂ ಮುಂದೆ ಇರಿ. ಇದು ನೈಟ್‌ಗಳ ಆಸ್ಪತ್ರೆಯಾಗಿತ್ತು. 1440ರಲ್ಲಿ ಕೆಲಸ ಶುರುವಾಗಿ 1489ರಲ್ಲಿ ಮುಗಿಯಿತು. ಮೇಲಂತಸ್ತಿನ ಉದ್ದನೆಯ ಹಾಲ್‌ನಲ್ಲಿ ರೋಗಿಗಳು ಮಲಗುತ್ತಿದ್ದರು. ಮಂಡಿಯೂರಿ ಕೂದಲು ಹರಡಿಕೊಂಡಿರುವ ಪ್ರೇಮದೇವತೆ ಅಫ್ರೋಡೈಟಿಯ ಸಣ್ಣ ಅಮೃತಶಿಲೆ ಮೂರ್ತಿಯನ್ನು ನೋಡಲು ಎಲ್ಲರೂ ಬರುತ್ತಾರೆ. ಚೆನ್ನಾಗಿದೆ, ನೋಡಿ. ಆದರೆ ಕ್ರಿತೋ ಮತ್ತು ತಿಮಾರಿಸ್ತಾ ಎಂಬ ಹೆಸರು ಕೆತ್ತಿರುವ ಸಮಾಧಿಗಲ್ಲನ್ನು ಹುಡುಕಿಕೊಂಡು ಹೋಗಿ. ಕ್ರಿ.ಪೂ. ಐದನೇ ಶತಮಾನದ ಕೊನೆಯ ಭಾಗದ್ದು, ಕಾಮಿರೋಸ್‌ನಲ್ಲಿ ಸಿಕ್ಕಿದ್ದು. ತಿಮಾರಿಸ್ತಾ ತೀರಿಕೊಂಡ ತಾಯಿ. ಕ್ರಿತೋ ಮಗಳು. ಮಗಳು ತಲೆ ಬಾಗಿಸಿ ತಾಯಿಯನ್ನು ಬೀಳ್ಕೊಡುತ್ತಿದ್ದಾಳೆ. ತಾಯಿ ಒಂದು ಕೈಯಿಂದ ಅವಳನ್ನು ಬಳಸಿಕೊಂಡಿದ್ದಾಳೆ.

ಬಟ್ಟೆಯ ಮಡಿಕೆಗಳಲ್ಲಿ ಆ ಶಿಲ್ಪಿಯ ಉಳಿ ಎಷ್ಟು ಮೆತ್ತಗೆ ಓಡಿದೆ ಅಂದರೆ, ಕಲ್ಲು ಅನ್ನುವುದೇ ಮರೆತುಹೋಗುತ್ತದೆ. ನನ್ನ ಮಗಳು ಮಾತಾಡಲಿಲ್ಲ, ನನ್ನ ತೋಳು ಹಿಡಿದುಕೊಂಡಳು. ಇಡೀ ದ್ವೀಪದಲ್ಲಿ ಒಂದೇ ಒಂದು ವಸ್ತು ನೋಡಲು ಸಮಯವಿದೆ ಅಂದರೆ ಇದನ್ನೇ ನೋಡಿ ಅನ್ನುತ್ತೇನೆ.

ಮ್ಯೂಸಿಯಂನಿಂದ ಹೊರಬಂದರೆ ಪಕ್ಕದಲ್ಲೇ ನೈಟ್‌ಗಳ ಬೀದಿ ಶುರು. ನೆಟ್ಟಗೆ ಮೇಲಕ್ಕೆ ಅರಮನೆವರೆಗೆ ಹೋಗುತ್ತದೆ. ಇಷ್ಟು ನೆಟ್ಟಗೆ ಇರುವುದಕ್ಕೆ ಕಾರಣ ಇದೆ. ಬಂದರಿಗೆ ಇಳಿಯುತ್ತಿದ್ದ ಪ್ರಾಚೀನ ಗ್ರೀಕ್ ರಸ್ತೆಯ ಜಾಡಿನಲ್ಲೇ ನೈಟ್‌ಗಳು ಇದನ್ನು ಕಟ್ಟಿದರು. ಎರಡೂ ಪಕ್ಕ ಒಂದೊಂದು ಪಂಗಡದ ತಂಗುಮನೆ. ಫ್ರಾನ್ಸಿನವರ ಮನೆಯ ಮುಂಭಾಗ ಎಲ್ಲಕ್ಕಿಂತ ಸೊಗಸು. ಇಲ್ಲಿ ಬೆಳಗ್ಗೆ ಬೇಗ ನಡೆಯಿರಿ, ಇಲ್ಲವೇ ರಾತ್ರಿ ಊಟ ಆದ ಮೇಲೆ.

ಅರಮನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊರಗಿನ ಜೋಡಿ ಗೋಪುರ ನೋಡಿದರೆ ಹದಿನಾಲ್ಕನೇ ಶತಮಾನದ್ದು ಅನಿಸುತ್ತದೆ. ಆದರೆ 1856ರಲ್ಲಿ ಹತ್ತಿರದ ಚರ್ಚಿನಲ್ಲಿದ್ದ ಮದ್ದು ಸಿಡಿದು ಆ ಭಾಗವೆಲ್ಲ ಹಾಳಾಗಿತ್ತು. ಈಗ ಕಾಣುವ ಹೆಚ್ಚಿನ ಭಾಗವನ್ನು ಇಟಲಿಯವರು 1930ರ ದಶಕದ ಕೊನೆಯಲ್ಲಿ ಮತ್ತೆ ಕಟ್ಟಿಸಿದರು. ಕಲ್ಲಿನ ಅಂಚು ನೋಡಿ, ಎಲ್ಲ ಹೊಸದಾಗಿ, ಒಂದೇ ಸಮ ಇದೆ. ನೆಲದ ಮೊಸಾಯಿಕ್‌ಗಳು ಮಾತ್ರ ನಿಜವಾಗಿ ಹಳೆಯವು. ಅವುಗಳನ್ನು ಕೋಸ್ ದ್ವೀಪದಿಂದ ತಂದು ಹಾಸಿದರು. ಹಾವುಗಳೇ ಕೂದಲಾಗಿರುವ ಮೆಡೂಸಾಳ ಮುಖ ಇರುವುದನ್ನು ತಪ್ಪಿಸಬೇಡಿ. ಕಂದಕ, ಮ್ಯೂಸಿಯಂ ಎರಡನ್ನೂ ನೋಡಿ ಆಮೇಲೆ ಇಲ್ಲಿಗೆ ಬಂದರೆ ಹಳೆಯದು ಯಾವುದು, ಹೊಸದು ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಅದಕ್ಕೇ ಇದನ್ನು ಕೊನೆಗೆ ಇಟ್ಟೆ.

ಸಂಜೆ ಮಂದ್ರಾಕಿ ಬಂದರಿಗೆ ಹೋಗಿ. ಬಾಯಿಯ ಎರಡೂ ಬದಿ ಕಂಬದ ಮೇಲೆ ಜಿಂಕೆಗಳ ಮೂರ್ತಿ ಇವೆ. ಕೊಲೋಸಸ್ ಎಂಬ ಕಂಚಿನ ಸೂರ್ಯದೇವನ ಮೂರ್ತಿ ಇಲ್ಲೇ ಕಾಲು ಅಗಲಿಸಿ ನಿಂತಿತ್ತು, ಕಾಲ ನಡುವೆ ಹಡಗು ಹಾಯುತ್ತಿತ್ತು ಅಂತ ಹೇಳುತ್ತಾರೆ. ಹಾಗೆ ನಿಂತಿರಲು ಸಾಧ್ಯವಿಲ್ಲ. ನಿಂತ ಜಾಗ ಯಾವುದು ಅಂತ ಇವತ್ತಿಗೂ ಖಚಿತವಾಗಿಲ್ಲ. ನಿಜವಾದ ಕತೆಯೇ ದೊಡ್ಡದು. ಕ್ರಿ.ಪೂ. 305ರಲ್ಲಿ ದೆಮೆಟ್ರಿಯೋಸ್ ಎಂಬ ದಂಡನಾಯಕ ಊರಿಗೆ ಮುತ್ತಿಗೆ ಹಾಕಿ, ಗೆಲ್ಲಲಾಗದೆ ಹೋದ. ಅವನು ಬಿಟ್ಟುಹೋದ ಯುದ್ಧಯಂತ್ರಗಳನ್ನು ಮಾರಿದ ಹಣದಲ್ಲಿ ಲಿಂಡೋಸ್‌ನ ಶಿಲ್ಪಿ ಖಾರೆಸ್ ಈ ಮೂರ್ತಿ ಮಾಡಿದ. ಎತ್ತರ ಸುಮಾರು 33 ಮೀಟರ್. ಕ್ರಿ.ಪೂ. 226ರ ಸುಮಾರಿನ ಭೂಕಂಪದಲ್ಲಿ ಮಂಡಿಯ ಹತ್ತಿರ ಮುರಿದು ಬಿತ್ತು. ಬಿದ್ದ ಮೇಲೂ ನೂರಾರು ವರ್ಷ ಜನ ಬಂದು ನೋಡುತ್ತಿದ್ದರು. ಹೆಬ್ಬೆರಳನ್ನು ತಬ್ಬಿ ಹಿಡಿಯಬಲ್ಲವರೇ ಕಡಿಮೆ ಅಂತ ರೋಮ್‌ನ ಪ್ಲಿನಿ ಬರೆದಿದ್ದಾನೆ.

ಮೂರನೆಯ ದಿನ ಹಳೆಯ ಊರಿನ ಉಳಿದ ಅರ್ಧಕ್ಕೆ. ಸೋಕ್ರಾತೂಸ್ ಬೀದಿಯ ಮೇಲ್ತುದಿಯಲ್ಲಿ ಸುಲೇಮಾನಿಯೆ ಮಸೀದಿ, ಅದರ ಎದುರಿಗೆ 1793ರಲ್ಲಿ ಶುರುವಾದ ಹಾಫಿಜ್ ಅಹ್ಮದ್ ಆಗಾ ಗ್ರಂಥಾಲಯ. ಅಲ್ಲಿಂದ ಇಳಿದು ಪೂರ್ವಕ್ಕೆ ನಡೆದರೆ ಯಹೂದಿಗಳ ಕೇರಿ. ಅಲ್ಲಿನ ಕಹಾಲ್ ಶಾಲೋಮ್ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1577ರದ್ದು. ಗ್ರೀಸ್‌ನಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಸಿನಗಾಗ್‌ಗಳಲ್ಲಿ ಇದೇ ಹಳೆಯದು. ನೆಲಕ್ಕೆ ಕಪ್ಪು ಬಿಳಿ ದುಂಡುಗಲ್ಲಿನ ಚಿತ್ತಾರ. ಪಕ್ಕದಲ್ಲೇ ಸಣ್ಣ ಮ್ಯೂಸಿಯಂ ಇದೆ. 1944ರ ಜುಲೈನಲ್ಲಿ ಜರ್ಮನ್ ಸೇನೆ ಇಲ್ಲಿನ 1,600ಕ್ಕೂ ಹೆಚ್ಚು ಯಹೂದಿಗಳನ್ನು ಹಿಡಿದು ಆಶ್ವಿಟ್ಜ್ ಎಂಬ ನಾತ್ಸಿ ಸಾವಿನ ಶಿಬಿರಕ್ಕೆ ಸಾಗಿಸಿತು. ಬದುಕಿ ಉಳಿದವರು ಕೆಲವೇ ಮಂದಿ. ಹತ್ತಿರದ ಚೌಕಕ್ಕೆ ಯಹೂದಿ ಹುತಾತ್ಮರ ಹೆಸರಿಟ್ಟಿದ್ದಾರೆ. ಸುತ್ತ ಅಂಗಡಿ, ಹೋಟೆಲ್‌ಗಳ ಸದ್ದು. ಆ ಸದ್ದಿನ ನಡುವೆ ಕಪ್ಪು ಕಲ್ಲಿನ ಸ್ಮಾರಕ ಸುಮ್ಮನೆ ನಿಂತಿದೆ. ದಯವಿಟ್ಟು ಐದು ನಿಮಿಷ ನಿಲ್ಲಿ.

ನಾಲ್ಕನೆಯ ದಿನ ಲಿಂಡೋಸ್. ಮಂದ್ರಾಕಿ ಹತ್ತಿರದಿಂದ ಬಸ್ಸು ಹೊರಡುತ್ತದೆ, ಸುಮಾರು 50 ಕಿಲೋಮೀಟರ್. ಬೆಳಗಿನ ಮೊದಲ ಬಸ್ಸೇ ಹಿಡಿಯಿರಿ. ಹತ್ತು ಗಂಟೆ ದಾಟಿತೆಂದರೆ ಮೆಟ್ಟಿಲಲ್ಲಿ ಕಾಲಿಡಲು ಜಾಗವಿಲ್ಲ. ಬೆಟ್ಟ ಹತ್ತಲು ಕತ್ತೆ ಸಿಗುತ್ತದೆ, ಹತ್ತಬೇಡಿ. ಆ ಜಾರುವ ಮೆಟ್ಟಿಲಲ್ಲಿ ಅವು ಪಡುವ ಪಾಡು ನೋಡಿ ನನಗೆ ತುಂಬ ಸಂಕಟವಾಯಿತು. ನನಗೆ ಮಂಡಿನೋವು ಇದೆ. ನಾಲ್ಕು ಕಡೆ ಕೂತು ಎದ್ದು, ನಿಧಾನವಾಗಿ ನಡೆದೇ ಹತ್ತಿದೆ.

ಕೋಟೆಬಾಗಿಲಿನ ದೊಡ್ಡ ಮೆಟ್ಟಿಲ ಕೆಳಗೆ ಎಡಬಂಡೆಯನ್ನು ನೋಡದೆ ಮೇಲೆ ಹೋಗಬೇಡಿ. ಬಂಡೆಯಲ್ಲೇ ಕಡೆದ ಯುದ್ಧನೌಕೆಯ ಹಿಂಭಾಗ ಅಲ್ಲಿದೆ. ಸುಮಾರು ಕ್ರಿ.ಪೂ. 180ರ ಕೆಲಸ, ಕಡೆದವನು ಪಿಥೋಕ್ರಿತೋಸ್. ಹಡಗಿನ ಅಟ್ಟದ ಮೇಲೆ ಹಗೆಸಾಂಡ್ರೋಸ್ ಎಂಬವನ ಮೂರ್ತಿ ಇತ್ತು. ಮೂರ್ತಿ ಹೋಗಿದೆ, ಹಡಗು ಉಳಿದಿದೆ. ಜನ ಏದುಸಿರು ಬಿಡುತ್ತಾ ಅದಕ್ಕೇ ಬೆನ್ನು ಕೊಟ್ಟು ನಿಂತಿರುತ್ತಾರೆ!

ಮೇಲೆ ಹೊರಸುತ್ತು ನೈಟ್‌ಗಳ ಕೋಟೆ. ಅದರ ಒಳಗೆ ಬೈಜಾಂಟಿಯನ್ ಚರ್ಚಿನ ಪಾಳು. ಇನ್ನೂ ಒಳಗೆ ಹೋದರೆ 42 ಕಂಬಗಳಿದ್ದ ಪ್ರಾಚೀನ ಮಂಟಪ. ತುತ್ತತುದಿಯಲ್ಲಿ, ಸಮುದ್ರದ ಮೇಲೆ 116 ಮೀಟರ್ ಎತ್ತರದಲ್ಲಿ, ಅಥೇನಾ ಗುಡಿ. ಗುಡಿ ಚಿಕ್ಕದು. ಎಷ್ಟು ದೊಡ್ಡ ಮೆಟ್ಟಿಲು ಹತ್ತಿ ಎಷ್ಟು ಚಿಕ್ಕ ಗುಡಿಗೆ ಬಂದೆವು ಅನಿಸುತ್ತದೆ ಅಲ್ವಾ, ಅಲ್ಲೇ ಅದರ ಚೆಲುವು ಇದೆ. ಕೆಳಗೆ ಸೇಂಟ್ ಪಾಲ್ ಬಂದಿಳಿದ ಅಂತ ನಂಬುವ ಪುಟ್ಟ ಕೊಲ್ಲಿ ಕಾಣುತ್ತದೆ. ಅಂಚಿಗೆ ಎಲ್ಲ ಕಡೆ ಕಟಕಟೆ ಇಲ್ಲ, ಮಕ್ಕಳ ಕೈ ಬಿಡಬೇಡಿ. ಇಳಿದ ಮೇಲೆ ಹಳ್ಳಿಯ ಪನಾಗಿಯಾ ಚರ್ಚಿಗೆ ಹೋಗಿ. ಗೋಡೆ, ಚಾವಣಿ ತುಂಬ ಚಿತ್ರಗಳಿವೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಐದನೆಯ ದಿನ ಮೈಕೈ ನೋಯುತ್ತಿದ್ದರೆ ಸುಮ್ನೆ ಊರ ಪಕ್ಕದ ಮಾಂಟೆ ಸ್ಮಿತ್ ಗುಡ್ಡಕ್ಕೆ ಸಂಜೆ ಹೋಗಿ ಬನ್ನಿ. ಪ್ರಾಚೀನ ಓಟದ ಮೈದಾನ, ಅಪೊಲೋ ಗುಡಿಯ ಕಂಬಗಳು, ಮುಳುಗುವ ಸೂರ್ಯ, ಸಾಕು. ಶಕ್ತಿ ಇದ್ದವರು ಫಿಲೆರಿಮೋಸ್ ಬೆಟ್ಟಕ್ಕೂ ಹೋಗಬಹುದು.

ಕಾಮಿರೋಸ್ ಅನ್ನು ಕೊನೆಯ ದಿನಕ್ಕೆ ಇಡಿ. ಪಶ್ಚಿಮ ತೀರದಲ್ಲಿ, ನಗರದಿಂದ ಸುಮಾರು 35 ಕಿಲೋಮೀಟರ್. ಬಸ್ಸು ಕಡಿಮೆ, ವಾಪಸ್ ಬಸ್ಸಿನ ಸಮಯ ಬರೆದುಕೊಂಡೇ ಹೊರಡಿ. ಟೋಪಿ, ನೀರು ಬೇಕೇ ಬೇಕು, ನೆರಳಿಲ್ಲ. ಕಲ್ಲಿನ ಚೂರನ್ನೂ ಎತ್ತಿಕೊಳ್ಳಬಾರದು, ಅದು ಅಪರಾಧ.

ಇಲ್ಲಿ ಊರನ್ನು ಸುತ್ತುವ ಕೋಟೆ ಇಲ್ಲ. ಕ್ರಿ.ಶ. ಎರಡನೇ ಶತಮಾನದ ಭೂಕಂಪದ ಬಳಿಕ ಜನ ಬಿಟ್ಟುಹೋದರು. ಅದರ ಮೇಲೆ ಇನ್ನೊಂದು ಊರು ಏಳಲಿಲ್ಲ. ಅದಕ್ಕೇ ಇಡೀ ಊರಿನ ನಕ್ಷೆ ಇಳಿಜಾರಿನಲ್ಲಿ ಬಿಚ್ಚಿಟ್ಟ ಹಾಗಿದೆ. ಕೆಳಗೆ ಗುಡಿ, ಚೌಕ. ನಡುವೆ ಒಂದು ಮುಖ್ಯ ಬೀದಿ, ಇಕ್ಕೆಲದಲ್ಲಿ ಮನೆಗಳು. ತುದಿಯಲ್ಲಿ ಕ್ರಿ.ಪೂ. ಆರನೇ ಶತಮಾನದ ನೀರಿನ ತೊಟ್ಟಿ, 600 ಘನ ಮೀಟರ್ ನೀರು ಹಿಡಿಯುವಷ್ಟು ದೊಡ್ಡದು. ತೊಟ್ಟಿಯ ಹತ್ತಿರ ನಿಂತು ಕೆಳಗೆ ನೋಡಿ. ನೀರು ಯಾವ ಮನೆಗೆ ಹೇಗೆ ಇಳಿಯುತ್ತಿತ್ತು ಅಂತ ಇಳಿಜಾರೇ ತೋರಿಸುತ್ತದೆ. ಕ್ರಿತೋ, ತಿಮಾರಿಸ್ತಾ ಇದ್ದ ಊರು ಇದೇ.

ನಾವು ಮೇಲಿಂದ ಕೆಳಗೆ ಮನೆ ಮನೆ ನೋಡುತ್ತಾ ಬಂದೆವು. ಒಂದು ಹೊಸ್ತಿಲ ಮುಂದೆ ಮಗಳು ಕುಕ್ಕರಗಾಲಲ್ಲಿ ಕೂತಳು. ಕಲ್ಲಿನ ಮೂಲೆಯಲ್ಲಿ ಬಾಗಿಲು ತಿರುಗಲು ಕೊರೆದ ದುಂಡನೆಯ ಕುಳಿ ಇತ್ತು. ಒಳಗೆಲ್ಲ ಸವೆದು ನುಣುಪಾಗಿತ್ತು. "ಅಮ್ಮಾ, ತಾತ ಇದ್ದಿದ್ದರೆ ಇಲ್ಲೇ ಕೂತುಬಿಡುತ್ತಿದ್ದರು" ಅಂದಳು. ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಇತ್ತು. ನಾವೂ ಅಲ್ಲೇ ಕೂತೆವು.