ಎಂಟು ಜೋಡಿ ಕಣ್ಣಿಗೆ ಬಿದ್ದ ದಿನ

ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಮಿಯಾಸಿಸ್, ಅಂದರೆ ಕೋಶದ ವರ್ಣತಂತುಗಳ (ಕ್ರೋಮೋಸೋಮ್) ಸಂಖ್ಯೆ ಅರ್ಧವಾಗುವ ವಿಭಜನೆ, ಮಕ್ಕಳಿಗೆ ಬರೀ ಬಾಯಿಪಾಠ. ಲೆಪ್ಟೊಟೀನ್, ಜೈಗೊಟೀನ್ ಅಂತ ಅದರ ಹಂತಗಳ ಹೆಸರು ಪಟಪಟ ಹೇಳುತ್ತಾರೆ, ಕಣ್ಣಾರೆ ಕಂಡಿರುವುದಿಲ್ಲ. ಓದುವಾಗ ನಾನೂ ಕಂಡಿರಲಿಲ್ಲ.

ಹೋದ ವರ್ಷ ಕಡೂರು ಕಡೆಯ ವಿದ್ಯಾರ್ಥಿಯೊಬ್ಬ, ಬೀಜಕ್ಕೆಂದು ಬಿಟ್ಟಿದ್ದ ಈರುಳ್ಳಿಯ ಹೂಗೊಂಡೆ ತಂದುಕೊಟ್ಟ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿ ಮೊಗ್ಗುಗಳನ್ನು ಒಂದು ದಿನ ನೆನೆಹಾಕಿದೆ. ಆಮೇಲೆ 70% ಆಲ್ಕೋಹಾಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ.

ಮೂರು ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಬರೀ ಪರಾಗದ ಕಣ. ಬಿಡಿಸೋದು ಸುಲಭ ಅಂತ ದೊಡ್ಡ ಮೊಗ್ಗನ್ನೇ ಆರಿಸುತ್ತಿದ್ದೆ, ಅದೇ ತಪ್ಪು. ಪರಾಗಕೋಶ ಹಳದಿಗೆ ತಿರುಗಿದ್ದರೆ ಒಳಗೆ ಮಿಯಾಸಿಸ್ ಎಲ್ಲ ಮುಗಿದಿದೆ ಅಂತಲೇ ಲೆಕ್ಕ. ಒಂದೇ ಗೊಂಡೆಯಲ್ಲಿ ಎಲ್ಲ ವಯಸ್ಸಿನ ಮೊಗ್ಗೂ ಇರುತ್ತವೆ. ಗಾತ್ರ ನೋಡಿ ಸಾಲಾಗಿ ಜೋಡಿಸಿಕೊಂಡು, ಅಕ್ಕಿಕಾಳಿಗಿಂತ ಚಿಕ್ಕದರಿಂದ ಶುರು ಮಾಡಿದೆ.

ಒಂದು ಪರಾಗಕೋಶಕ್ಕೆ ಒಂದು ಹನಿ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಸಾಕು. ಕಬ್ಬಿಣದ ಸೂಜಿಯಲ್ಲೇ ಜಜ್ಜಿ, ಕಬ್ಬಿಣ ತಾಗಿದರೆ ಬಣ್ಣ ಗಾಢವಾಗಿ ಹಿಡಿಯುತ್ತದೆ. ಮೇಲೆ ಕವರ್‌ಸ್ಲಿಪ್ ಎಂಬ ತೆಳು ಗಾಜು ಇಟ್ಟು ಸ್ಪಿರಿಟ್ ದೀಪದ ಬಿಸಿ ತೋರಿಸಬೇಕು, ಕುದಿಸಬಾರದು. ಮೇಲೆ ಒತ್ತುಕಾಗದ ಇಟ್ಟು ಹೆಬ್ಬೆರಳಿನಿಂದ ನೆಟ್ಟಗೆ ಒತ್ತಬೇಕು. ಸ್ವಲ್ಪ ಜಾರಿದರೂ ಸ್ಲೈಡ್ ಕೆಟ್ಟಿತು.

ಅವತ್ತು ಆರನೇ ಸ್ಲೈಡಿನಲ್ಲಿ ಸಿಕ್ಕಿತು. ಈರುಳ್ಳಿ ಬೇರಿನ ತುದಿಯ ಕೋಶದಲ್ಲಿ 16 ವರ್ಣತಂತುಗಳಿರುತ್ತವೆ. ಇಲ್ಲಿ ಎರಡೆರಡು ಒಂದಕ್ಕೊಂದು ಅಂಟಿಕೊಂಡು ಎಂಟು ಜೋಡಿ! ಕೆಲವು ಉಂಗುರದ ಹಾಗೆ, ಕೆಲವು ಅಡ್ಡಹಾಕಿದ ಕಡ್ಡಿಯ ಹಾಗೆ. ತಾಯಿ ಕಡೆಯ ವರ್ಣತಂತು, ತಂದೆ ಕಡೆಯದು ತುಂಡು ಬದಲಾಯಿಸಿಕೊಂಡ ಗುರುತೇ ಆ ಅಂಟಿಕೊಂಡ ಜಾಗ. ಮುಂದಿನ ಮೊಗ್ಗಿನಲ್ಲಿ ಜೋಡಿಗಳು ಬಿಟ್ಟು, ಎಂಟು ಆ ಕಡೆ, ಎಂಟು ಈ ಕಡೆ ಹೊರಟಿದ್ದವು. ಸಂಖ್ಯೆ ಅರ್ಧವಾಗುವುದು ಇಲ್ಲೇ, ಮೊದಲ ವಿಭಜನೆಯಲ್ಲೇ. ಎರಡನೆಯದರಲ್ಲಿ ಪ್ರತಿ ವರ್ಣತಂತು ಉದ್ದಕ್ಕೆ ಸೀಳಿ ಎರಡಾಗುತ್ತದೆ, ಒಟ್ಟು ನಾಲ್ಕು ಕೋಶ. ಮಕ್ಕಳು ಜಾಸ್ತಿ ತಡವರಿಸುವುದು ಇಲ್ಲೇ ಅಲ್ವಾ? ಆ ನಾಲ್ಕೂ ಬೆಳೆದು ಪರಾಗದ ಕಣಗಳಾಗುತ್ತವೆ. ಗಂಡು ಲಿಂಗಾಣು ಹುಟ್ಟುವುದು ಅದಾದ ಮೇಲೆ, ಪರಾಗದೊಳಗೆ, ಮಾಮೂಲಿ ವಿಭಜನೆಯಿಂದ.

ಈರುಳ್ಳಿ ತಂದ ಹುಡುಗ ಮೂರು ಸಲ ಎಣಿಸಿದ. "ಎಂಟೇ ಇದೆ ಮೇಡಂ!" ಅಂದ. ಪಕ್ಕದಲ್ಲಿದ್ದ ಮೂಡಿಗೆರೆಯ ಹುಡುಗಿ, "ನಮ್ಮ ಕಾಫಿದೂ ನೋಡ್ಬಹುದಾ?" ಅಂತ ಕೇಳಿದಳು. ರೊಬಸ್ಟಾದಲ್ಲಿ 22, ಅರೇಬಿಕಾದಲ್ಲಿ 44, ಎಣಿಸುವುದು ಇದಕ್ಕಿಂತ ಕಷ್ಟ. ಆದರೂ ಮೊಗ್ಗು ನೆನೆಹಾಕುವ ದ್ರಾವಣದ ಸೀಸೆ ಕೊಟ್ಟಿದ್ದೇನೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮಾರನೇ ದಿನದಿಂದ ದಿನಕ್ಕಿಷ್ಟು ಮೊಗ್ಗು ಕಿತ್ತು, ತಾರೀಕು ಬರೆದು ಹಾಕಿಡು ಅಂತ ಹೇಳಿದ್ದೇನೆ.