ಹಳೆಯ ನೆಲದ ಮೇಲೆ ವಿನೈಲ್ ಹಾಸುವುದು ಹೇಗೆ?

ಹಳೆಯ ಟೈಲ್ಸ್ ಒಡೆಯದೆ, ದೂಳೆಬ್ಬಿಸದೆ ನೆಲದ ರೂಪ ಬದಲಿಸಬೇಕೆನ್ನುವವರಿಗೆ ವಿನೈಲ್ ಹಲಗೆ ಒಂದು ದಾರಿ. ವಿನೈಲ್ ಎಂದರೆ ಪಿವಿಸಿ. ನೀರಿನ ಪೈಪಿಗೂ ಕಿಟಕಿಯ ಚೌಕಟ್ಟಿಗೂ ಬಳಸುವ ಅದೇ ಪ್ಲಾಸ್ಟಿಕ್. ಈ ಗಡುಸು ವಸ್ತುವನ್ನು ಬಾಗುವಂತೆ ಮೃದುಗೊಳಿಸುವ ಬಗೆಯನ್ನು ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಕಂಡುಕೊಂಡರು. ಇಂದಿನ ಎಸ್‌ಪಿಸಿ (ಸ್ಟೋನ್ ಪ್ಲಾಸ್ಟಿಕ್ ಕಾಂಪೋಸಿಟ್) ಹಲಗೆಗಳಲ್ಲಿ ಪಿವಿಸಿಯೊಂದಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿದ ಗಟ್ಟಿ ತಿರುಳಿರುವುದರಿಂದ, ಅಂಟಿನ ಹಂಗಿಲ್ಲದೆ ಒಂದರ ಅಂಚಿಗೆ ಇನ್ನೊಂದನ್ನು ಸಿಕ್ಕಿಸಿ ಹಾಸಬಹುದು.

ಅಂಗಡಿಯಲ್ಲಿ ಹಲಗೆಯ ಒಟ್ಟು ದಪ್ಪಕ್ಕೆ ಮರುಳಾಗಬೇಡಿ. ಬಾಳಿಕೆ ನಿಂತಿರುವುದು ಮೇಲಿನ ಪಾರದರ್ಶಕ ಪದರದ ಮೇಲೆ. ಮಲಗುವ ಕೋಣೆಗೆ 0.3 ಮಿ.ಮೀ. ಸಾಕಾದರೂ ಸದಾ ಓಡಾಟವಿರುವ ಹಾಲ್‌ಗೆ 0.5 ಮಿ.ಮೀ. ಪದರವಿರುವುದನ್ನೇ ಕೇಳಿ ಪಡೆಯಬೇಕು.

ಹಾಸುವ ಮೊದಲು ನೆಲದ ತೇವವನ್ನು ಪರೀಕ್ಷಿಸಬೇಕು. ಬಹಳಷ್ಟು ಮನೆಗಳಲ್ಲಿ ಅವಸರಕ್ಕೆ ಬಿಟ್ಟುಹೋಗುವ ಕೆಲಸವಿದು. ಸುಮಾರು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹರಡಿ, ನಾಲ್ಕೂ ಅಂಚುಗಳಿಗೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆದು ನೋಡಿ. ಅಡಿಯಲ್ಲಿ ನೀರಹನಿ ಕಂಡರೆ, ಅಥವಾ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹುಡಿಯಾಗಿ ಉದುರುತ್ತಿದ್ದರೆ, ಮೊದಲು ಆ ತೇವದ ಮೂಲವನ್ನು ಸರಿಪಡಿಸಬೇಕು. ವಿನೈಲ್ ನೀರಿಗೆ ಹಾಳಾಗದು ನಿಜ, ಆದರೆ ಅದರಡಿ ಸಿಕ್ಕಿಕೊಂಡ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಮಲೆನಾಡು, ಕರಾವಳಿಯ ನೆಲಮಹಡಿಗಳಲ್ಲಿ ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿದರೇ ನಂಬಲರ್ಹ.

ಅನಂತರ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟು ಉಬ್ಬುತಗ್ಗುಗಳನ್ನು ಗುರುತಿಸಿ. ಉಬ್ಬನ್ನು ಉಜ್ಜಿ ತೆಗೆಯಿರಿ, ತಗ್ಗನ್ನೂ ಟೈಲ್ಸ್ ಸಂದುಗಳನ್ನೂ ತಾನೇ ಹರಿದು ಸಮತಟ್ಟಾಗುವ ಸೆಲ್ಫ್ ಲೆವೆಲಿಂಗ್ ಸಿಮೆಂಟಿನಿಂದ ತುಂಬಿ ಒಣಗಲು ಬಿಡಿ. ಅಡಿಯಲ್ಲಿ ಪೊಳ್ಳಿದ್ದರೆ ಹೆಜ್ಜೆಯ ಭಾರಕ್ಕೆ ಹಲಗೆಯ ಕೊಂಡಿ ಮುರಿಯುತ್ತದೆ. ಗಟ್ಟಿಯಾಗಿರುವ ಹಳೆಯ ರೆಡ್ ಆಕ್ಸೈಡ್ ನೆಲವನ್ನು ಮಾತ್ರ ಹೀಗೆ ಮುಚ್ಚಬೇಡಿ ಎಂಬುದು ನನ್ನ ಸಲಹೆ. ಅದಕ್ಕೆ ಪಾಲಿಶ್ ಮಾಡಿಸಿದರೆ ಸಾಕು.

ಹಲಗೆಯ ಪೆಟ್ಟಿಗೆಗಳನ್ನು ಎರಡು ದಿನ ಅದೇ ಕೋಣೆಯಲ್ಲಿ ಮಲಗಿಸಿಡಿ. ಬಿಸಿಗೆ ಹಿಗ್ಗುವ ವಸ್ತುವಾದ್ದರಿಂದ ಗೋಡೆಯ ಸುತ್ತಲೂ 6ರಿಂದ 10 ಮಿ.ಮೀ. ಜಾಗ ಬಿಟ್ಟು ಹಾಸಲು ತೊಡಗಿ. ಆ ಸಂದನ್ನು ಕೊನೆಗೆ ಗೋಡೆಯ ಬುಡಕ್ಕೆ ಕೂರಿಸುವ ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಒಂದು ಸಾಲಿನ ಸೇರುವೆ ಪಕ್ಕದ ಸಾಲಿನ ಸೇರುವೆಗೆ ಎದುರಾಗದಂತೆ ಕನಿಷ್ಠ 20 ಸೆಂ.ಮೀ. ಆಚೀಚೆ ಇರಲಿ. ಕತ್ತರಿಸಲು ಕಟರಿನಿಂದ ಆಳವಾಗಿ ಗೀರಿ ಮಡಿಸಿದರೆ ಹಲಗೆ ನೇರವಾಗಿ ತುಂಡಾಗುತ್ತದೆ. ನೆಲದ ಮಟ್ಟ ಏರುವುದರಿಂದ ಬಾಗಿಲಿನ ಅಡಿಯನ್ನು ತುಸು ಕೊಯ್ಯಿಸಬೇಕಾದೀತು.

ಹಾಸಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಅಡಿಯಲ್ಲಿ ರಬ್ಬರ್ ಇರುವ ಕಾಲೊರಸುಗಳನ್ನು ಮಾತ್ರ ಹಾಕಬೇಡಿ. ರಬ್ಬರಿನಲ್ಲಿರುವ ರಾಸಾಯನಿಕ ವಿನೈಲಿಗೆ ಇಳಿದು ಮೂಡಿಸುವ ಹಳದಿ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.